ಬಾಂದು ಕಲ್ಲಿನ ಈಚೆಗೆ ಬಂದ ಜನರೇಟರ್

ನನ್ನ ಗಂಡನಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ. ಗೊರಕೆ ಇದ್ದಕ್ಕಿದ್ದ ಹಾಗೆ ಕಡಿದುಹೋಗಿ, ಎದೆ ಏರದೆ ಇಳಿಯದೆ ಉಳಿದುಬಿಡುತ್ತದೆ. ಆಮೇಲೆ ನೀರಿನಿಂದ ಮೇಲೆದ್ದವರಂತೆ ಒಂದು ದೊಡ್ಡ ಉಸಿರು ಬರುತ್ತದೆ. ಪರೀಕ್ಷೆ ಮಾಡಿದ ಡಾಕ್ಟರು ಮಂಚದ ಪಕ್ಕದಲ್ಲಿ ಇಟ್ಟುಕೊಳ್ಳುವ ಒಂದು ಯಂತ್ರ ಬರೆದುಕೊಟ್ಟರು. ಅದು ಕೋಣೆಯ ಗಾಳಿಯನ್ನು ಎಳೆದುಕೊಂಡು, ಕೊಳವೆಯ ಮೂಲಕ ಮೂಗಿನ ಮೇಲಿನ ಮಾಸ್ಕಿಗೆ ಒತ್ತಿ ಕಳಿಸುತ್ತದೆ. ಇದಿಲ್ಲದೆ ಮಲಗಬೇಡಿ, ಮಧ್ಯಾಹ್ನದ ನಿದ್ದೆಗೂ ಹಾಕಿಕೊಳ್ಳಿ ಎಂದು ಖಡಾಖಂಡಿತವಾಗಿ ಹೇಳಿದರು. ಅದು ತಿನ್ನುವ ಕರೆಂಟು ಒಂದು ಫ್ಯಾನಿನಷ್ಟೇ. ಆದರೆ ರಾತ್ರಿಯಿಡೀ ಬೇಕು, ನಡುವೆ ಕೈಕೊಡಬಾರದು.

ಹೀಗಾಗಿ, ನಿವೃತ್ತಿಯ ನಂತರ ಊರೂರು ಸುತ್ತಬೇಕೆಂದು ಅವರು ಪೀಣ್ಯದ ಶೆಡ್ಡೊಂದರಲ್ಲಿ ಕಟ್ಟಿಸಿದ್ದ ಟ್ರೇಲರ್, ಹೂಡಿಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೇ ನಿಂತಿತ್ತು. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಗಾಡಿ ಅದು. ಒಳಗೆ ಇಬ್ಬರಿಗೆ ಹಾಸಿಗೆ, ಒಂದು ಪುಟ್ಟ ಫ್ರಿಜ್ಜು, ಕೈ ತೊಳೆಯಲು ಸಿಂಕು. ನಾವು ಅದರಲ್ಲಿ ಬಿರಿಯಾನಿ ಮಾರುತ್ತೇವೆಂದು ಅಪಾರ್ಟ್‌ಮೆಂಟಿನವರಿಗೆ ಬಲವಾದ ಅನುಮಾನ. "ಅಂಕಲ್, ಲೈಸೆನ್ಸ್ ತಗೊಂಡಿದೀರಾ?" ಎಂದು ಲಿಫ್ಟಿನಲ್ಲಿ ಕೇಳುವವರಿದ್ದರು.

"ಒಂದು ಜನರೇಟರ್ ಇದ್ರೆ ಸಾಕು, ಎಲ್ಲಿಗೆ ಬೇಕಾದ್ರೂ ಹೋಗಬಹುದು" ಎಂದು ಇವರು ಒಂದು ದಿನ ಹೇಳಿದರು.

"ಎಲ್ಲಿಗೆ ಬೇಕಾದ್ರೂ ಹೋಗಬಹುದು. ಬೆಳಿಗ್ಗೆ ಎದ್ದು ಬರಬೇಕಲ್ಲ" ಎಂದೆ.

ಇವರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಹೊರಗಿನಿಂದ ಬಂದ ಒಂದು ಬೋಲ್ಟನ್ನೂ ಅಳೆಯದೆ ಒಳಗೆ ಬಿಡುವ ಕೆಲಸವಲ್ಲ ಅದು. ನಾನು ಪತ್ರಿಕೆಯ ಡೆಸ್ಕಿನಲ್ಲಿದ್ದವಳು. ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು, ಹೇಳುವುದರಿಂದ ಅವರಿಗೇನು ಸಿಗುತ್ತದೆ ಎಂದು ಕೇಳದೆ ಒಂದು ಸಾಲನ್ನೂ ಅಚ್ಚಿಗೆ ಕಳಿಸಿದವಳಲ್ಲ. ಇವರ ಅನುಮಾನವೆಲ್ಲ ವಸ್ತುಗಳ ಮೇಲೆ, ನನ್ನದು ಮನುಷ್ಯರ ಮೇಲೆ. ಇಬ್ಬರೂ ಜೊತೆಗೆ ಹೋದರೆ ನಮಗೆ ಯಾರೂ ಮೋಸ ಮಾಡಲಾರರು ಎಂದು ನಂಬಿಕೊಂಡು ಪೀಣ್ಯಕ್ಕೆ ಹೋದೆವು.

ಅಲ್ಲಿ ಜನರೇಟರ್ ಮಾರುವ ಅಂಗಡಿಗಳ ಮುಂದೆ ಎಲ್ಲವೂ ಹೊಸ ಬಣ್ಣ ಬಳಿದುಕೊಂಡೇ ನಿಂತಿರುತ್ತವೆ. ಯಾವುದು ಹಳೆಯದು, ಯಾವುದು ಹೊಸದು ಎಂದು ಮೇಲ್ನೋಟಕ್ಕೆ ಹೇಳಲಾಗದು. ನಾವು ಹೊಕ್ಕ ಅಂಗಡಿಯವನು ಮೊದಲು ತೋರಿಸಿದ್ದು ಕೆಂಪು ಪೈಪಿನ ಚೌಕಟ್ಟಿನಲ್ಲಿ ಕೂತಿದ್ದ ಒಂದು ಸೆಕೆಂಡ್ ಹ್ಯಾಂಡ್ ಯಂತ್ರವನ್ನು.

"ಸಿಂಗಲ್ ಓನರ್ ಸಾರ್. ಒಬ್ರು ಡಾಕ್ಟರ್ ಕ್ಲಿನಿಕ್‌ನಲ್ಲಿತ್ತು. ಅಪರೂಪಕ್ಕೆ ಆನ್ ಮಾಡ್ತಿದ್ರು ಅಷ್ಟೆ. ಪ್ಯೂರ್ ಕಾಪರ್ ವೈಂಡಿಂಗ್."

"ಕಾಪರ್ ಅಂತ ಹೇಗೆ ಗೊತ್ತು?" ಇವರು ಕೇಳಿದರು.

"ನಾನ್ ಹೇಳ್ತಾ ಇದೀನಲ್ಲ ಸಾರ್!"

ಒಳಗಿನ ತಂತಿಸುರುಳಿ ತಾಮ್ರದ್ದಾದರೆ ಯಂತ್ರ ಬಿಸಿ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಬಣ್ಣ ಕೊಟ್ಟು ಸುತ್ತಿರುವುದೂ ಉಂಟು. ಇವರು ಟಾರ್ಚು ಹಿಡಿದು, ತಂತಿ ಕೆರೆದು ನೋಡಲು ಪೆನ್ನುಚಾಕು ಬಿಚ್ಚಿ ಒಂದು ಕಡೆ ಕುಕ್ಕರುಗಾಲಲ್ಲಿ ಕೂತರು. ನಾನು ಇನ್ನೊಂದು ಕಡೆ ಬಗ್ಗಿದೆ. ಪೆಟ್ರೋಲ್ ಟ್ಯಾಂಕಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಹಳದಿ ಅಕ್ಕಿಕಾಳುಗಳು ಸಿಕ್ಕಿಕೊಂಡಿದ್ದವು.

"ಏನಪ್ಪ, ಆ ಕ್ಲಿನಿಕ್‌ನಲ್ಲಿ ಪೇಷಂಟುಗಳಿಗೆ ಅಕ್ಷತೆ ಹಾಕ್ತಿದ್ರಾ?"

ಅವನು ಬಗ್ಗಿ ನೋಡಿದ. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. "ಆಯುಧ ಪೂಜೇದಿರ್ಬೇಕು ಮೇಡಂ."

ಇರಬಹುದು. ಆದರೆ ಕಾಳುಗಳ ಜೊತೆಗೆ ಮಿರಮಿರ ಮಿಂಚುವ ಕಾಗದದ ಚೂರುಗಳೂ ಇದ್ದವು. ಮದುವೆ ಮನೆಯಲ್ಲಿ ಫೋಟೋ ತೆಗೆಯುವ ಹೊತ್ತಿಗೆ ಹಾರಿಸುತ್ತಾರಲ್ಲ, ಅವು. ಆ ಯಂತ್ರ ಅದೆಷ್ಟು ಶಾಮಿಯಾನಗಳ ಹಿಂದೆ ನಿಂತು ಬಂದಿತ್ತೋ.

ಇವರು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಚೀಲದಿಂದ ನೀರು ಕಾಯಿಸುವ ಕಾಯಿಲ್ ತೆಗೆದರು. ಆಮೇಲೆ ಇಸ್ತ್ರಿಪೆಟ್ಟಿಗೆ ತೆಗೆದರು. ಒಂದು ಬಕೆಟ್ ನೀರು ಕೊಡಿ ಎಂದರು.

ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. "ಸಾರ್, ಸ್ನಾನಕ್ಕೆ ಬಂದ್ರಾ?"

"ನಿನ್ ಮಿಷನ್‌ಗೆ ಸ್ನಾನ ಮಾಡ್ಸೋಕೆ ಬಂದಿದೀನಿ. ಬಕೆಟ್ ಕೊಡಯ್ಯ."

ಕಾರ್ಖಾನೆಯಲ್ಲಿ ಇದಕ್ಕೆ ಲೋಡ್ ಟೆಸ್ಟ್ ಎನ್ನುತ್ತಾರಂತೆ. ಯಂತ್ರಕ್ಕೆ ಹೊಡೆದ ತಗಡಿನ ಮೇಲೆ ಏನು ಬರೆದಿದೆ ಎಂದು ನೋಡುವುದಲ್ಲ, ಅಷ್ಟು ಹೊರೆ ಹೊರಿಸಿ ನೋಡುವುದು. ಕಾಯಿಲ್ ಹಾಕಿದಾಗ ಯಂತ್ರ ಗೊಣಗಿತು. ಇಸ್ತ್ರಿಪೆಟ್ಟಿಗೆಯನ್ನೂ ಸೇರಿಸಿದಾಗ ಅಂಗಡಿಯ ಬಲ್ಬು ಮಂಕಾಗಿ, ಎಂಜಿನ್ನು ಎರಡು ಸಲ ಕೆಮ್ಮಿ ನಿಂತೇಹೋಯಿತು.

"ಲೋಡ್ ಜಾಸ್ತಿ ಆಯ್ತು ಸಾರ್."

"ಇದರ ಮೇಲೆ ಬರೆದಿರೋದಕ್ಕಿಂತ ಕಮ್ಮೀನೇ ಕೊಟ್ಟಿದೀನಲ್ಲಯ್ಯ."

"ಬರ್ಯೋದು ಬೇರೆ ಸಾರ್, ಓಡ್ಸೋದು ಬೇರೆ."

ಅಷ್ಟು ಪ್ರಾಮಾಣಿಕವಾದ ಮಾತು ಆ ಅಂಗಡಿಯಲ್ಲಿ ನನಗೆ ಮತ್ತೆ ಕೇಳಿಸಲಿಲ್ಲ.

ಕೊನೆಗೆ ಕೊಂಡದ್ದು ಸೂಟ್‌ಕೇಸಿನ ಹಾಗೆ ಪ್ಲಾಸ್ಟಿಕ್ ಕವಚ ತೊಟ್ಟ ಒಂದು ಹೊಸ ಯಂತ್ರ. ಇನ್ವರ್ಟರ್ ಜನರೇಟರ್ ಎನ್ನುತ್ತಾರೆ. ಕರೆಂಟು ಏರಿಳಿಯದೆ ಬರುತ್ತದೆ, ಉಸಿರಿನ ಯಂತ್ರದಂಥ ಸೂಕ್ಷ್ಮ ಸಾಮಾನು ಸುಡುವುದಿಲ್ಲ, ಹೊರೆ ಕಡಿಮೆಯಾದಾಗ ಎಂಜಿನ್ನು ತಾನಾಗಿ ನಿಧಾನಿಸುತ್ತದೆ. ಅದಕ್ಕೂ ಬಕೆಟ್ಟಿನ ಪರೀಕ್ಷೆಯಾಯಿತು. ನೀರು ಕಾದು ಹಬೆಯಾಡಿತು, ಬಲ್ಬು ಕದಲಲಿಲ್ಲ. ಸದ್ದೂ ಕಡಿಮೆ. ನಿಂತು ಮಾತಾಡಿದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿತ್ತು.

"ಪಕ್ಕದಲ್ಲಿಟ್ಕೊಂಡು ಮಲ್ಗಬೋದು ಸಾರ್" ಎಂದ ಅಂಗಡಿಯವನು.

ಇವರು ಯಂತ್ರದ ಜೊತೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಓದಿದರು. ಮನೆಯಿಂದ ದೂರ, ಗಾಳಿಯಾಡುವ ಬಯಲಿನಲ್ಲಿಡಬೇಕು ಎಂದಿತ್ತು. ಮಾರನೆಯ ದಿನವೇ ಹೋಗಿ ದಪ್ಪನೆಯ ಉದ್ದ ಕೇಬಲ್ ತಂದರು. ವಸ್ತುವಿನ ಕಡೆಯಿಂದ ಅನುಮಾನಕ್ಕೆ ಏನೂ ಉಳಿಯಲಿಲ್ಲ.

ಉಳಿದದ್ದು ಜಾಗ. ಹೂಡಿಗೆ ಬರುವ ಮೊದಲು ನಾವು ಹೆಬ್ಬಗೋಡಿಯಲ್ಲಿ ಬಾಡಿಗೆಗಿದ್ದೆವು. ಆ ಮನೆಯ ಮಾಲೀಕರನ್ನು ಈಗಲೂ ಓನರ್ ಎಂದೇ ಕರೆಯುತ್ತೇವೆ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಸಾಲು ಸಾಲು ಬಾಡಿಗೆ ಕೋಣೆಗಳಿವೆ. ಟ್ರೇಲರಿನ ಸುದ್ದಿ ಅವರಿಗೆ ಹೇಗೆ ತಿಳಿಯಿತೋ, ಫೋನು ಮಾಡಿದರು.

"ಅತ್ತಿಬೆಲೆ ತಾವ ನಮ್ದೇ ಜಾಗ ಐತೆ ಸಾರ್. ಸುಮ್ನೆ ಬಿದ್ದೈತೆ. ಬಂದು ಇದ್ಕಳಿ. ಬಾಡ್ಗೆ ಗೀಡ್ಗೆ ಏನೂ ಬ್ಯಾಡ."

ನಮ್ಮ ಮನೆಗೆ ನೆಂಟರು ಬಂದು ನಾಲ್ಕು ದಿನ ಉಳಿದರೆ ನೀರಿನ ಮಾತೆತ್ತುತ್ತಿದ್ದ ಮನುಷ್ಯ. ಈಗ ಬಾಡಿಗೆ ಬೇಡ ಎನ್ನುತ್ತಿದ್ದಾರೆ. ಅಷ್ಟೇ ಅಲ್ಲ, ವಾರವಾದರೂ ಇರಿ, ಹೋಗುವಾಗ ಟ್ರೇಲರನ್ನು ಅಲ್ಲೇ ಬಿಟ್ಟುಹೋದರೂ ಪರವಾಗಿಲ್ಲ, ರಸ್ತೆಗೆ ಕಾಣುವ ಹಾಗೆ ನಿಲ್ಲಿಸಿ, ರಾತ್ರಿ ಹೊರಗೊಂದು ದೀಪ ಉರಿಯಲಿ ಎಂದೆಲ್ಲ ಹೇಳಿದರು.

"ಇದರಲ್ಲಿ ಏನೋ ಇದೆ" ಎಂದೆ.

"ನಿನಗೆ ಯಾರ ಮೇಲೆ ನಂಬಿಕೆ ಇದೆ ಹೇಳು?"

"ದುಡ್ಡು ಕೇಳೋರ ಮೇಲೆ."

ಇವರು ನಕ್ಕುಬಿಟ್ಟರು. ಮನೆಗೆ ಹತ್ತಿರದ ಜಾಗ, ಆಸ್ಪತ್ರೆ ದೂರವಿಲ್ಲ, ಮೊದಲ ಪ್ರಯತ್ನಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು ಎಂದರು. ಅದು ಸರಿಯಾದ ಮಾತೇ. ಹೊರಟೆವು.

ಜಾಗ ಉದ್ದಕ್ಕಿತ್ತು. ಎಡಕ್ಕೆ ಯಾವುದೋ ಗೋದಾಮಿನ ಎತ್ತರದ ಕಾಂಪೌಂಡು, ಬಲಕ್ಕೆ ಬಯಲು, ಬಯಲಿನಲ್ಲೊಂದು ಹೊಂಗೆ ಮರ. ಬಿಸಿಲು ಜೋರಾಗಿದ್ದರಿಂದ ಇವರು ಟ್ರೇಲರನ್ನು ಗೋಡೆಯ ನೆರಳಿಗೆ ಒತ್ತಿ ನಿಲ್ಲಿಸಿದರು. ಗೋಡೆಗೂ ಗಾಡಿಗೂ ನಡುವೆ ಒಬ್ಬರು ಓಡಾಡುವಷ್ಟು ಸಂದು ಉಳಿಯಿತು. ಆಮೇಲೆ ಒದ್ದೆ ಬೆರಳೆತ್ತಿ ಗಾಳಿ ಎತ್ತಣಿಂದ ಬರುತ್ತಿದೆ ಎಂದು ನೋಡಿ, ಕೇಬಲ್ಲನ್ನು ಪೂರ್ತಿ ಬಿಚ್ಚಿ, ಜನರೇಟರನ್ನು ಹೊಂಗೆ ಮರದಾಚೆ ಇಟ್ಟರು. ಒಳಗೆ ಫ್ರಿಜ್ಜು ಗುಂಯ್‌ಗುಟ್ಟಿತು, ಫ್ಯಾನು ತಿರುಗಿತು, ಹಾಸಿಗೆಯ ತಲೆಯ ಬಳಿ ಉಸಿರಿನ ಯಂತ್ರದ ಹಸಿರು ದೀಪ ಹತ್ತಿತು. ಜನರೇಟರಿನ ಸದ್ದು ದೂರದಲ್ಲಿ ಯಾರೋ ಹಿಟ್ಟಿನ ಗಿರಣಿ ನಡೆಸಿದಂತೆ ಕೇಳುತ್ತಿತ್ತು. ಅವರ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಊಟ ಮುಗಿಸಿ ತಟ್ಟೆ ತೊಳೆಯುತ್ತಿರುವಾಗ ಒಬ್ಬರು ಬೈಕಿನಲ್ಲಿ ಬಂದು ಬಯಲಿನಲ್ಲಿ ನಿಂತರು. ಇಳಿಯುವ ಮೊದಲೇ ಫೋನು ತೆಗೆದು ಟ್ರೇಲರಿನ ಫೋಟೋ ತೆಗೆದರು. ಕಾರಿನ ನಂಬರ್ ಪ್ಲೇಟಿನ ಫೋಟೋ ತೆಗೆದರು. ಆಮೇಲೆ ಜನರೇಟರಿನ ಸುತ್ತ ಒಂದು ಸುತ್ತು ಬಂದು ಅದರದ್ದೂ ತೆಗೆದರು. ಮುಖದಲ್ಲಿ ಓನರ್ ಅವರ ಹೋಲಿಕೆಯಿತ್ತು.

"ಯಾರ್ರೀ ನೀವು? ಈ ಮಿಷನ್ ಇಟ್ಟಿರೋ ಜಾಗ ಯಾರ್ದು ಗೊತ್ತಾ?"

"ನಮ್ಮ ಹಳೇ ಓನರ್ ಇರೋಕೆ ಹೇಳಿದ್ರು" ಎಂದರು ಇವರು.

"ಅವ್ನು ನಮ್ಮಣ್ಣ. ಆ ಬಾಂದು ಕಲ್ಲು ಕಾಣಲ್ವಾ ನಿಮ್ಗೆ?" ಹುಲ್ಲಿನ ನಡುವೆ ಸುಣ್ಣ ಬಳಿದ ಗಡಿಯ ಕಲ್ಲೊಂದು ಮೊಳದಷ್ಟು ಎದ್ದಿತ್ತು. ಜನರೇಟರೂ ಹೊಂಗೆ ಮರವೂ ಅದರಾಚೆ ಇದ್ದವು. "ಆ ಕಡೆ ಅವ್ನು ಏನಾದ್ರೂ ಮಾಡ್ಕಳ್ಲಿ. ಈ ಕಡೆ ಒಂದು ಮೊಳೆ ಹೊಡಿಯಂಗಿಲ್ಲ. ನಾಳೆ ಇದೂ ನಂದೇ, ನನ್ ಬಾಡ್ಗೆಯೋರು ಜನರೇಟರ್ ಇಟ್ಟವ್ರೆ ಅಂತಾನೆ. ತೆಗೀರಿ."

"ಸಂಜೆ ತೆಗಿತೀವಿ ಸ್ವಾಮಿ, ಮೆಷಿನ್ನು ಬಿಸಿಯಾಗಿದೆ."

"ಈಗ ತೆಗೀರಿ. ಬಟ್ಟೆ ಸುತ್ಕಂಡು ಎತ್ತಿ."

ಬೈಕಿನವರು ಕೈಕಟ್ಟಿಕೊಂಡು ಅಲ್ಲೇ ನಿಂತರು. ಇವರಿಗೆ ಯಂತ್ರಗಳ ಜೊತೆ ಇಡೀ ದಿನ ಹೋರಾಡುವ ತಾಳ್ಮೆಯಿದೆ, ಮನುಷ್ಯರ ಜೊತೆ ಜಗಳವಾಡುವುದು ಮಾತ್ರ ಆಗದು. ಇಬ್ಬರೂ ಸೇರಿ ಜನರೇಟರನ್ನೆತ್ತಿ ಕಲ್ಲಿನ ಈಚೆಗೆ ತಂದೆವು. ಮುಂದುಗಡೆ ರಸ್ತೆ, ಉರಿಬಿಸಿಲು, ಹೋಗಿ ಬರುವವರ ಕಣ್ಣು. ಹಿಂದುಗಡೆ ಮುಳ್ಳುಕಂಟಿ. ಬಲಗಡೆ ಕಲ್ಲಿನವರೆಗೆ ನಮ್ಮ ಕಾರು ನಿಂತಿತ್ತು. ಉಳಿದದ್ದು ಗೋಡೆಯ ಸಂದು. ನೆರಳಿದೆ, ಯಾರೂ ಹೊತ್ತೊಯ್ಯಲಾರರು, ಸದ್ದೂ ಆಚೆ ಹೋಗದು. ಅಲ್ಲಿಟ್ಟು ಮತ್ತೆ ಚಾಲೂ ಮಾಡಿದೆವು.

ಇದನ್ನು ಬರೆಯುವಾಗ ಎಷ್ಟು ಮೂರ್ಖತನವಾಗಿ ಕಾಣುತ್ತದೋ ಆಗ ಅಷ್ಟೇ ಸಹಜವಾಗಿತ್ತು. ನಮ್ಮ ಕಡೆ ಕರೆಂಟು ಹೋದರೆ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಕಾರ್ಖಾನೆಯಲ್ಲೂ ಜನರೇಟರ್ ತಾನಾಗಿ ಶುರುವಾಗುತ್ತದೆ. ಅದರ ಹೊಗೆ ಉದ್ದನೆಯ ಕೊಳವೆಯಲ್ಲಿ ಮಹಡಿಗಳನ್ನು ದಾಟಿ ಮೇಲೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗಿರುವ ನಮಗೆ ಕೇಳಿಸುವುದು ಸದ್ದು ಮಾತ್ರ. ವರ್ಷಗಟ್ಟಲೆ ಹೀಗೆ ಬದುಕಿದವರಿಗೆ ಜನರೇಟರಿನ ತೊಂದರೆ ಎಂದರೆ ಸದ್ದು. ಸದ್ದು ಅಡಗಿಸಿದರೆ ಎಲ್ಲ ಸರಿಮಾಡಿದಂತೆ. ಪುಸ್ತಕ ಓದಿದ್ದ ಇವರಿಗೂ ಆ ಗಳಿಗೆಯಲ್ಲಿ ಹಾಗೇ ಅನ್ನಿಸಿತು.

"ರಾತ್ರಿಗೆ ಮುಂಚೆ ಒಂದು ಟ್ರಯಲ್ ನೋಡಿಬಿಡ್ತೀನಿ" ಎಂದು ಇವರು ಒಳಗೆ ಹೋದರು. ಲಾರಿಗಳ ಧೂಳು ಬರುತ್ತದೆಂದು ಬಾಗಿಲು ಹಾಕಿಕೊಂಡರು. ಗೋಡೆಯ ಕಡೆಯ ಕಿಟಕಿ ತೆರೆದಿಟ್ಟರು. ಉಸಿರಿನ ಯಂತ್ರ ಇದ್ದದ್ದು ಆ ಕಿಟಕಿಯ ಕೆಳಗಿನ ಹಲಗೆಯ ಮೇಲೆ.

ನಾನು ಹೊರಗೆ ಕುರ್ಚಿ ಹಾಕಿಕೊಂಡು ಬೈಕಿನವರನ್ನೇ ನೋಡುತ್ತ ಕೂತೆ. ಅವರು ಹೋಗಲಿಲ್ಲ. ಹೊಂಗೆಯ ನೆರಳಿನಲ್ಲಿ ಬೈಕಿಗೊರಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಓನರ್ ಸ್ಕೂಟರಿನಲ್ಲಿ ಬಂದರು. ಒಂದು ಚೀಲ ಸೀಬೆಹಣ್ಣು ತಂದಿದ್ದರು. ನನ್ನ ಎದುರಿಗೆ ಕೂತು, ತಮ್ಮನ ಕಡೆ ತಿರುಗಿಯೂ ನೋಡದೆ ಕೇಳಿದರು:

"ಏನಂದ ಮೇಡಮ್ಮೋರೆ? ಫೋಟೋ ತಗದ್ನಾ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬರಬೇಕಾದ ಕಾಗದ ಬಂತೇ ಎಂದು ಕೇಳಿದ ಹಾಗಿತ್ತು.

"ತೆಗೆದ್ರು. ತೆಗೀಲಿ ಅಂತ್ಲೇ ನಮ್ಮನ್ನ ಇಲ್ಲಿ ಕೂರಿಸಿದೀರಾ?"

"ಅಯ್ಯೋ! ಪೇಪರ್‌ನೋರಿಗೆ ಎಲ್ಲಾ ಉಲ್ಟಾನೇ ಕಾಣ್ತದೆ. ಅಣ್ಣು ತಿನ್ನಿ, ನಮ್ ಮರದ್ದು."

"ಕೇಸ್ ನಡೀತಾ ಇದೆಯಾ?"

"ಯಾವ ಮನೇಲಿ ಇಲ್ಲ ಏಳಿ."

"ನಾವು ಇಲ್ಲಿದ್ರೆ ನಿಮಗೇನು ಲಾಭ, ಅದನ್ನ ಹೇಳಿ."

ಅವರು ಒಂದು ಹಣ್ಣನ್ನು ಪಂಚೆಗೆ ಒರೆಸಿ ಕಚ್ಚಿದರು. ನಾನು ಸುಮ್ಮನೆ ಕಾದೆ. ಕಾಯುವುದನ್ನು ಕೆಲಸ ಕಲಿಸಿತ್ತು.

"ನಮ್ ಲಾಯ್ರು ಏಳವ್ರೆ" ಎಂದರು ಕೊನೆಗೆ. "ಬರೀ ಕಾಗದ ಇದ್ರೆ ಸಾಲ್ದು. ಜಾಗ್ದಾಗೆ ಜನ ಇರ್ಬೇಕು, ದೀಪ ಉರೀಬೇಕು, ಮಿಷನ್ ಓಡ್ಬೇಕು. ಅಂಗಿದ್ರೆ ಸ್ವಾಧೀನ ನಮ್ದು ಅಂತ ಆಯ್ತದೆ. ಶೆಡ್ ಆಕಿದ್ರೆ ಇವ್ನು ರಾತ್ರೋರಾತ್ರಿ ಕಿತ್ತಾಕ್ತಾನೆ. ನಿಮ್ದು ಗಾಲಿ ಇರೋ ಮನೆ, ಓದುಬರ ಬಲ್ಲೋರು ಒಳಗವ್ರೆ. ಯಾರ್ ಮುಟ್ತಾರೆ?"

ಮೊದಲ ಫೋನಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಪೂರ್ತಿ ಬಿಡಿಸಿ ಸಿಕ್ಕಿತ್ತು. ಇವರಿಗೆ ಹೇಳಲೆಂದು ಎದ್ದೆ. 'ನೋಡಿದ್ರಾ, ನಾನು ಹೇಳಿರಲಿಲ್ವಾ' ಎಂಬ ಮಾತು ಬಾಯಲ್ಲೇ ಇತ್ತು.

ಬಾಗಿಲು ತೆಗೆದಾಗ ಒಳಗೆ ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಉಸಿರಿನ ಯಂತ್ರ ಒಂದೇ ಸಮನೆ ಗಾಳಿ ಒತ್ತುತ್ತಿತ್ತು. ಇವರ ಎದೆ ಏರಿಳಿಯುತ್ತಿತ್ತು. ಬಸ್ ನಿಲ್ದಾಣದಲ್ಲಿ ಬರುವಂಥ ಹೊಗೆಯ ವಾಸನೆಯಿತ್ತು.

"ರೀ" ಎಂದೆ. ಏಳಲಿಲ್ಲ. ಭುಜ ಹಿಡಿದು ಅಲುಗಿಸಿದೆ. ಕಣ್ಣು ಅರ್ಧ ತೆರೆದು, ನನ್ನನ್ನು ನೋಡದೆ ಮುಚ್ಚಿಕೊಂಡಿತು. ತುಟಿ ಏನೋ ಹೇಳಿತು, ಮಾತಾಗಲಿಲ್ಲ. ಮಾಸ್ಕು ಕಿತ್ತು, ಕಂಕುಳಿಗೆ ಕೈಹಾಕಿ ಎಳೆದೆ. ಆ ದೇಹ ನನ್ನಿಂದ ಅಲ್ಲಾಡಲಿಲ್ಲ. ನಾನು ಕೂಗಿದ್ದು ಏನೆಂದು ನನಗೆ ನೆನಪಿಲ್ಲ. ಓನರ್ ಒಳಗೆ ಬಂದರು. ಅವರ ಹಿಂದೆಯೇ ಅವರ ತಮ್ಮ ಕಲ್ಲು ದಾಟಿ ಓಡಿಬಂದು ಇವರ ಕಾಲು ಹಿಡಿದುಕೊಂಡರು.

"ತಲೆ ಉಸಾರು!" ಎಂದರು ಅಣ್ಣ.

"ನೀನು ಬಾಗ್ಲು ಬಿಡು ಮೊದ್ಲು!" ಎಂದರು ತಮ್ಮ.

ಗಾಳಿಯಿದ್ದದ್ದು ಹೊಂಗೆಯ ಕೆಳಗೆ. ಅಲ್ಲಿಗೇ ಹೊತ್ತುಕೊಂಡು ಹೋಗಿ ಮಲಗಿಸಿದರು. ನಾನು ಹೋಗಿ ಜನರೇಟರ್ ನಿಲ್ಲಿಸಿದೆ. ಆ ಸಂದಿಯಲ್ಲಿ ಎಲೆಯಲ್ಲಾಡುವಷ್ಟೂ ಗಾಳಿಯಿರಲಿಲ್ಲ. ಹೊಗೆಯ ಬಾಯಿ ಟ್ರೇಲರಿನ ಕಡೆಗಿತ್ತು, ಅದರ ಮೇಲೆ ಕಿಟಕಿಯಿತ್ತು, ಕಿಟಕಿಯ ಹಿಂದೆ ಉಸಿರಿನ ಯಂತ್ರ. ಅದು ಕೋಣೆಯಲ್ಲಿ ಯಾವ ಗಾಳಿ ಸಿಕ್ಕಿತೋ ಅದನ್ನು ಎಳೆದುಕೊಂಡು ಅವರ ಎದೆಗೆ ಒತ್ತಿತ್ತು.

ಮರದ ಕೆಳಗೆ ಇವರು ವಾಂತಿ ಮಾಡಿಕೊಂಡರು. ಆಮೇಲೆ ಕಣ್ಣು ತೆರೆದು, "ತಲೆ ಸಿಡೀತಾ ಇದೆ ಕಣೇ" ಎಂದರು.

ನಮ್ಮ ಕಾರನ್ನು ತಮ್ಮ ಓಡಿಸಿದರು. ಅಣ್ಣ ಮುಂದೆ ಕೂತರು. ಅತ್ತಿಬೆಲೆಯ ಆಸ್ಪತ್ರೆ ಮುಟ್ಟುವವರೆಗೆ ಅವರಿಬ್ಬರ ನಡುವೆ ನಡೆದ ಮಾತು ಇಷ್ಟೇ: "ಸರ್ವಿಸ್ ರೋಡ್ ತಗೋ." "ನಂಗ್ ಗೊತ್ತು, ಸುಮ್ಕಿರು."

ಅಲ್ಲಿ ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ಇವರು ಎದ್ದು ಕೂತು ಮಾತಾಡುವಂತಾದರು. ಹೊಗೆಯ ವಿಷಗಾಳಿಯೇ ಇರಬೇಕು, ಆದರೆ ಅದನ್ನು ಪತ್ತೆ ಮಾಡುವ ರಕ್ತಪರೀಕ್ಷೆ ಇಲ್ಲಿ ಇಲ್ಲ, ಹಾಗಾಗಿ ಖಚಿತವಾಗಿ ಬರೆದುಕೊಡಲಾರೆ ಎಂದರು ಡಾಕ್ಟರು. ಅವರು 'ಇರಬೇಕು' ಎಂದದ್ದನ್ನು ನಾನು ಇಲ್ಲೂ 'ಇರಬೇಕು' ಎಂದೇ ಬರೆಯುತ್ತಿದ್ದೇನೆ.

ವಾರ್ಡಿನ ಹೊರಗೆ ಬೆಂಚಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತಿದ್ದರು.

"ಬಿಸ್ಲು ಮೇಡಮ್ಮೋರೆ" ಎಂದರು ಓನರ್. "ಉಂಡು ಮನೀಕಂಡವ್ರೆ, ತಗಡಿನ ಗಾಡಿ, ತಲೆ ತಿರುಗೈತೆ. ರೆಸ್ಟ್ ತಗಂಡು ನಾಳೆ ಬನ್ನಿ."

"ಬಿಸ್ಲೂ ಇಲ್ಲ ಏನೂ ಇಲ್ಲ. ಮಿಷನ್ ಹೊಗೆ ಅದು" ಎಂದರು ತಮ್ಮ. "ಆ ಗಾಡಿ ಇಲ್ಲಿಂದ ತಗಂಡೋಗಿ. ಪ್ರಾಣಕ್ಕಿಂತ ದೊಡ್ಡದೇನೈತೆ?"

ಬಿಸಿಲು ಕಾರಣವಾದರೆ ಟ್ರೇಲರ್ ಅಲ್ಲಿರಬಹುದು. ಹೊಗೆ ಕಾರಣವಾದರೆ ಅದು ತೊಲಗಬೇಕು. ಇಬ್ಬರೂ ತಮಗೆ ಬೇಕಾದ ಕಾರಣವನ್ನೇ ಹಿಡಿದುಕೊಂಡಿದ್ದರು. ಅದೇ ಇಬ್ಬರು ಕೆಲವು ಗಂಟೆಗಳ ಹಿಂದೆ ಒಬ್ಬ ಮನುಷ್ಯನ ತಲೆ, ಕಾಲು ಹಿಡಿದು ಓಡಿದ್ದರು. ಎರಡೂ ನಿಜ. ಇದನ್ನು ಸುದ್ದಿ ಮಾಡಿದರೆ ಯಾವುದನ್ನು ಮೇಲೆ ಹಾಕಬೇಕು, ಯಾವುದನ್ನು ಕೆಳಗೆ ಎಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಚೇತರಿಸಿಕೊಂಡ ಮೇಲೆ ಇವರು ಯಾರ ಮಾತನ್ನೂ ಒಪ್ಪಲಿಲ್ಲ. "ಟೆಸ್ಟ್ ಮಾಡೋಣ" ಎಂದರು. ಆ ವಿಷಗಾಳಿ ಇದ್ದರೆ ಕಿರುಚುವ ಅಂಗೈಯಗಲದ ಪೆಟ್ಟಿಗೆಯೊಂದನ್ನು ತರಿಸಿಕೊಂಡು, ಟ್ರೇಲರನ್ನು ತರಲು ಹೋದ ದಿನ ಜನರೇಟರನ್ನು ಅದೇ ಸಂದಿಯಲ್ಲಿ ಅದೇ ಮುಖವಾಗಿ ಇಟ್ಟರು. ಪೆಟ್ಟಿಗೆಯನ್ನು ದಿಂಬಿನ ಮೇಲಿಟ್ಟು, ಅದೇ ಕಿಟಕಿ ತೆರೆದು, ಬಾಗಿಲು ಹಾಕಿ, ನಾವೆಲ್ಲ ಹೊರಗೆ ದೂರ ನಿಂತೆವು. ಕಲ್ಲಿನ ಈಚೆ ಅಣ್ಣ, ಆಚೆ ತಮ್ಮ. ಗಾಳಿ ಬಿದ್ದಿತ್ತು, ಬಿಸಿಲು ಅವತ್ತಿನಷ್ಟಿರಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಓನರ್ ಮುಖ ಅರಳತೊಡಗಿತು. ಆಮೇಲೆ ಒಳಗಿನಿಂದ ಕಿವಿ ಕೊರೆಯುವಂತೆ ಕೂಗು ಬಂತು.

"ಕೇಳ್ತಾ?" ಎಂದರು ತಮ್ಮ.

ಓನರ್ ನನ್ನ ಕಡೆ ತಿರುಗಿದರು. "ಆ ಪೆಟ್ಗೆ ಚೀನಾದ್ದಲ್ವಾ ಮೇಡಮ್ಮೋರೆ?"

ಇವರು ಜನರೇಟರನ್ನು ಹೊತ್ತು ಹೊಂಗೆಯ ಆಚೆ ಇಟ್ಟು ಇನ್ನೊಮ್ಮೆ ನೋಡಬೇಕೆಂದರು. ತಮ್ಮ ಬೇಡವೆನ್ನಲಿಲ್ಲ. ಆದರೆ ಅದರ ಫೋಟೋ ಮತ್ತೊಮ್ಮೆ ತೆಗೆದುಕೊಂಡರು. ಗಾಡಿಯೊಳಗಿನ ಹೊಗೆ ಹೋದ ಮೇಲೆ ಅಲ್ಲಿಟ್ಟು ಓಡಿಸಿದಾಗ ಪೆಟ್ಟಿಗೆ ಕೂಗಲಿಲ್ಲ. ಟ್ರೇಲರನ್ನು ಕೊಂಡಿಗೆ ಹಾಕಿ ಹೊರಟೆವು. ಜನರೇಟರನ್ನು ಮೊದಲಿದ್ದ ಜಾಗದಲ್ಲೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಇವರು ಹೊಸೂರು ರಸ್ತೆಯುದ್ದಕ್ಕೂ ಹೇಳುತ್ತ ಬಂದರು. ಆಗುತ್ತಿರಲಿಲ್ಲ ನಿಜ. ಆದರೆ ಗಾಳಿ ರಾತ್ರಿ ತಿರುಗುವುದಿಲ್ಲವೆಂದು, ಯಾರೂ ಬಂದು ಎತ್ತಿಡಿ ಎನ್ನುವುದಿಲ್ಲವೆಂದು ಯಾರು ಬರೆದುಕೊಡುತ್ತಾರೆ?

ಜನರೇಟರ್ ಮಾರಿಬಿಡೋಣ ಎಂದೆ. ಟ್ರೇಲರನ್ನೂ ಮಾರಿಬಿಡು, ನನ್ನನ್ನು ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕು ಎಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಕೊನೆಗೆ ಒಪ್ಪಿಕೊಂಡದ್ದು ಹೀಗೆ. ಉಸಿರಿನ ಯಂತ್ರಕ್ಕೆ ಬೇರೆಯೇ ಒಂದು ಬ್ಯಾಟರಿ ಬೇಕು, ಒಂದು ರಾತ್ರಿ ಪೂರ್ತಿ ಬಾಳುವಂಥದ್ದು. ಜನರೇಟರಿನ ಕೆಲಸ ಹಗಲಿನಲ್ಲಿ ಮಾತ್ರ: ನಾವಿಬ್ಬರೂ ಹೊರಗೆ ಎಚ್ಚರವಾಗಿರುವಾಗ, ದೂರದಲ್ಲಿ ನಿಂತು ಆ ಬ್ಯಾಟರಿ ತುಂಬಿಸುವುದು. ಒಬ್ಬರು ಮಲಗಿದರೂ ಅದು ನಿಲ್ಲಬೇಕು. ಬ್ಯಾಟರಿ ತಂದು ಇವರು ಮನೆಯ ಹಾಲಿನಲ್ಲಿ ನಾಲ್ಕಾರು ರಾತ್ರಿ ಯಂತ್ರವನ್ನು ಅದಕ್ಕೇ ಜೋಡಿಸಿ ಮಲಗಿ ನೋಡಿದರು. ನಾನು ಪಕ್ಕದ ಸೋಫಾದ ಮೇಲೆ ಮಲಗಿದೆ, ಅಂದರೆ ಮಲಗಿದ್ದೇನೆಂದು ಅವರಿಗೆ ಹೇಳಿದೆ.

ಎರಡನೆಯ ಸಲ ಹೋದದ್ದು ಅತ್ತಿಬೆಲೆಯಿಂದಾಚೆ, ದುಡ್ಡು ಕಟ್ಟಿ ಇರುವ ಒಂದು ತೋಟಕ್ಕೆ. ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರು, ರಸೀದಿ ಕೊಟ್ಟರು, ಗಾಡಿ ಇಲ್ಲೇ ನಿಲ್ಲಿಸಬೇಕೆಂದು ಗದರಿದರು. ನನಗೆ ನೆಮ್ಮದಿಯಾಯಿತು. ಆದರೂ ತೋಟದವರನ್ನು ಕೇಳಿದೆ, ಈ ಜಾಗದ ಮೇಲೆ ಕೇಸ್ ಏನಾದರೂ ಇದೆಯಾ ಎಂದು. ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಕೊಂಡ್ಕೊಳ್ಳೋಕೆ ಬಂದಿದೀರಾ ಮೇಡಂ?" ಎಂದರು.

ಸಂಜೆಯಾಗುವ ಮೊದಲೇ ಜನರೇಟರ್ ನಿಲ್ಲಿಸಿದೆವು. ಕೇಬಲ್ಲನ್ನು ನಾನೇ ಕಿತ್ತು, ಸುತ್ತಿ, ಕಾರಿನೊಳಗಿಟ್ಟು ಬೀಗ ಹಾಕಿದೆ.

ಬೆಳಗಾಗುತ್ತಿದ್ದ ಹಾಗೆ ಎದ್ದು ಮೊದಲು ಜನರೇಟರಿನ ಹತ್ತಿರ ಹೋದೆ. ಮೈಮೇಲೆ ಇಬ್ಬನಿ ಕೂತಿತ್ತು. ಹೊಗೆಬಾಯಿ ಮುಟ್ಟಿದೆ, ತಣ್ಣಗಿತ್ತು. ಒಳಗೆ ಬಂದಾಗ ಇವರು ಮಾಸ್ಕು ತೆಗೆದು, ಕೂದಲು ಕೆದರಿಕೊಂಡು ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಉಸಿರಿನ ಯಂತ್ರದ ಪರದೆಯ ಮೇಲೆ ಒಂದು ನಗುವ ಮುಖ ಮೂಡಿತ್ತು. ರಾತ್ರಿ ಸರಿಯಾಗಿ ಕಳೆದರೆ ಅದು ಹಾಗೆ ನಗುತ್ತದಂತೆ.

"ನೋಡು" ಎಂದು ಇವರು ಅದನ್ನು ನನ್ನ ಕಡೆ ತಿರುಗಿಸಿದರು.

ನಾನು ಆ ನಗುವನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ.

"ತಲೆ ನೋಯ್ತಿದೆಯಾ?"

"ಇಲ್ಲ."

"ನಿಜ ಹೇಳಿ."

"ಇಲ್ಲ ಅಂದ್ನಲ್ಲೇ. ಚೆನ್ನಾಗಿ ನಿದ್ದೆ ಮಾಡಿದೀನಿ. ಹೊರಗೆ ಮಲಗಿ ಹೀಗೆ ನಿದ್ದೆ ಬಂದು ಎಷ್ಟು ವರ್ಷ ಆಯ್ತೋ." ಕಿಟಕಿಯಾಚೆ ನೋಡುತ್ತ ಮತ್ತೆ ಹೇಳಿದರು, "ನಾಳೆ ಇನ್ನೂ ಸ್ವಲ್ಪ ಮುಂದಕ್ಕೆ ಹೋಗೋಣ್ವಾ?"

ಎಲ್ಲಿಗೆ, ಆ ಜಾಗ ಯಾರದು ಎಂದು ಕೇಳಿದೆ. ಹೋಗುವುದಿಲ್ಲ ಎನ್ನಲಿಲ್ಲ.